ಒಗೆಯುವ ಕಲ್ಲಿನ ಅಡಿಯ ಇದ್ದಿಲು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಅಮ್ಮಿನಬಾವಿಯ ಹೊಲವೊಂದರ ಬದುವಿನ ಮೇಲೆ ಮೈಲಾರಲಿಂಗಪ್ಪ ಬರಿಗಾಲಲ್ಲಿ ನಿಂತಿದ್ದಾರೆ. ಹಾರೆಯನ್ನು ನೆಲಕ್ಕೆ ಮೆಲ್ಲಗೆ ಕುಕ್ಕಿ ಸದ್ದು ಕೇಳುತ್ತಾರೆ, ಎರಡು ಹೆಜ್ಜೆ ಸರಿದು ಮತ್ತೆ ಕುಕ್ಕುತ್ತಾರೆ. ಸರ್ವೇಯರ್ ಸಾಹೇಬರು ಬರುವುದು ಹತ್ತು ಗಂಟೆಗೆ. ಅಷ್ಟರೊಳಗೆ, ಕಳೆದುಹೋದ ಹದ್ದಿನ ಕಲ್ಲು, ಅಂದರೆ ಗಡಿಕಲ್ಲು, ಎಲ್ಲಿತ್ತು ಎಂದು ಇವರು ಹುಡುಕಿಟ್ಟಿರಬೇಕು. ಸಾಹೇಬರು ಬಂದು, ತಾವೇ ಪತ್ತೆ ಹಚ್ಚಿದಂತೆ ಬರೆದುಕೊಂಡು ಹೋಗುತ್ತಾರೆ.

ಹಿಂದಿನ ಕಾಲದಲ್ಲಿ ಭೂಮಿ ಅಳೆಯುತ್ತಿದ್ದ ಮೋಜಣಿಯವರು ಹದ್ದಿನ ಕಲ್ಲು ನೆಡುವ ಮುಂಚೆ ಮೂರೂವರೆ ಅಡಿ ಆಳದಲ್ಲಿ ಒಂದು ಬೊಗಸೆ ಇದ್ದಿಲು ಹೂಳುತ್ತಿದ್ದರು. ಮೇಲಿನ ಕಲ್ಲು ಹೋದರೂ ಕೆಳಗಿನ ಇದ್ದಿಲು ಕೊಳೆಯುವುದಿಲ್ಲ. ಅದನ್ನು ಹುಡುಕುವುದೇ ಇವರ ಕಸುಬು.

“ಕಲ್ಲು ಯಾರ ಬೇಕಾದ್ರೂ ಕಿತ್ತು ಆ ಕಡೆ ಈ ಕಡೆ ಇಡ್ತಾರ್ರಿ. ಕೆಳಗ ಇದ್ದಲಿ ಐತಿ ಅನ್ನೋದು ಅವ್ರಿಗೆ ಗೊತ್ತಿರಂಗಿಲ್ಲ. ಮಣ್ಣು ಕರ್ರಗ ಬಂತಂದ್ರ ಮುಗೀತು, ಅಲ್ಲೇ ಹದ್ದು,” ಎನ್ನುತ್ತಾರೆ ಮಣ್ಣು ಕೆದರುತ್ತಲೇ.

ವಯಸ್ಸು ಐವತ್ತೇಳು. ರಾಜ್ಯ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ದಿನಗೂಲಿ. ಅದಕ್ಕೂ ಮೊದಲು ಅವರ ಅಪ್ಪ ಇದೇ ಹಾರೆ ಹಿಡಿದಿದ್ದರು. ಮೆತ್ತನೆ ನೆಲವಾದರೆ ದಿನಕ್ಕೆ ನಾಲ್ಕು ಗುಂಡಿ, ಬೇಸಿಗೆಯ ಎರೆಮಣ್ಣಾದರೆ ಒಂದೇ ಒಂದು. ಬಲಗೈ ಹೆಬ್ಬೆರಳಿಗೆ ಉಗುರಿಲ್ಲ. ಸಾವಿರಾರು ಪಂಚನಾಮೆಗಳ ಹಿಂದೆ ಇವರ ಬೆವರಿದೆ, ಒಂದರಲ್ಲೂ ಹೆಸರಿಲ್ಲ.

ಇಷ್ಟೇ ಆಗಿದ್ದರೆ ನಾನು ಹೀಗೆ ಕಂಗೆಟ್ಟು ಬರೆಯುತ್ತಿರಲಿಲ್ಲ.

ಇವರ ಮನೆ ಇರುವುದು ಮಾಳಮಡ್ಡಿಯ ಆಚೆಯ ಒಂದು ಓಣಿಯಲ್ಲಿ. ಅಲ್ಲಿನ ಮೂವತ್ತನಾಲ್ಕು ಮನೆಗಳಿಗೆ ಹಕ್ಕುಪತ್ರ ಕೊಟ್ಟದ್ದು ರಾಜ್ಯ ಸರ್ಕಾರ. ಆ ನೆಲ ಎಂದೋ ನಮಗೆ ಬಂದದ್ದು, ಕೊಡಲು ನೀವ್ಯಾರು ಎನ್ನುತ್ತದೆ ಕೇಂದ್ರದ ಒಂದು ಇಲಾಖೆ. ಹನ್ನೊಂದು ವರ್ಷ ಕಾಗದಗಳು ಓಡಾಡಿದವು. ಇಬ್ಬರ ನಕಾಶೆಯೂ ಕೂಡಿ ಬರಲಿಲ್ಲ. ಕಳೆದ ಜನವರಿಯಲ್ಲಿ ಎರಡೂ ಕಡೆಯವರು ಜಂಟಿ ಮೋಜಣಿಗೆ ಬಂದರು. ಅಗೆಯಲು ರಾಜ್ಯದವರು ಕರೆತಂದದ್ದು ಮೈಲಾರಲಿಂಗಪ್ಪನವರನ್ನೇ.

ಅಳತೆ ಎಳೆಯುತ್ತ ಎಳೆಯುತ್ತ ಎಲ್ಲರೂ ಬಂದು ನಿಂತದ್ದು ಅವರದೇ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಕಲ್ಲು ಎತ್ತಿದರು, ಅಗೆದರು. ಮೂರೂವರೆ ಅಡಿಗೆ ಮಣ್ಣು ಕರ್ರಗೆ ಬಂತು. ಇಪ್ಪತ್ತಾರು ವರ್ಷದ ರೂಢಿಯಂತೆ ಬಾಯಿ ತಾನಾಗಿಯೇ “ಸಿಕ್ತ್ರೀ” ಎಂದಿತು. ಆಮೇಲೆ ಎತ್ತಿಟ್ಟ ಕಲ್ಲನ್ನು ತಿರುವಿ ನೋಡಿದರೆ ಅದರ ತಲೆಯ ಮೇಲೆ ಹದ್ದಿನ ಕಲ್ಲಿಗೆ ಕೊರೆಯುವ ಬಾಣದ ಗುರುತು! ಹದ್ದು ಅಲ್ಲೇ ಎಂದಮೇಲೆ ಓಣಿ ಪೂರ್ತಿ ಕೇಂದ್ರದ ಪಾಲಿಗೆ ಬಿದ್ದಿತ್ತು.

“ಮನಿ ಕಟ್ಟುಮುಂದ ನಾನ ಅದನ್ನ ಅಲ್ಲೇ ಕೆಡವಿ ಒಗಿಯೋ ಕಲ್ಲು ಮಾಡಿದ್ದೆ,” ಎನ್ನುತ್ತಾರೆ ಹೆಂಡತಿ ಹೊಳೆವ್ವ. “ಊರ ಮಂದಿ ಕಲ್ಲು ಹುಡುಕಿ ಕೊಡೋ ಮನಷ್ಯಾ, ಹತ್ತೊಂಬತ್ತು ವರ್ಷ ಅದರ ಮ್ಯಾಲೆ ಕುಂತು ಜಳಕಾ ಮಾಡ್ಯಾರ್ರಿ.” ನಗಲು ಹೋದ ನನಗೆ ಅವರ ಮುಖ ನೋಡಿ ನಗು ಬರಲಿಲ್ಲ.

ಅಂದಿನಿಂದ ಪಕ್ಕದ ಮನೆಯ ಫಕೀರವ್ವ ಮಾತು ಬಿಟ್ಟಿದ್ದಾರೆ. ಕೊನೆಯ ಸಲ ಕೇಳಿದ್ದು ಒಂದೇ ಮಾತು: “ಅಗಿಯೋಮುಂದ ನಮ್ಮ ಮಾರಿ ನೆನಪಾಗ್ಲಿಲ್ಲೇನೋ ತಮ್ಮಾ?”

ಮನೆಗಳು ಇನ್ನೂ ನಿಂತಿವೆ. ಯಾಕೆ ನಿಂತಿವೆ? ಓಣಿ ತೆರವು ಮಾಡಿಸಿ ಎಂದು ಕೇಂದ್ರದ ಇಲಾಖೆ ನ್ಯಾಯಾಲಯಕ್ಕೆ ಹೋಗಿದೆ. ಅದಕ್ಕೆ ರಾಜ್ಯದ ಕಡೆಯಿಂದ ಹೋದ ಉತ್ತರವನ್ನು ನಾನೇ ಓದಿದೆ. ಇದ್ದಿಲು ತೆಗೆದ ವ್ಯಕ್ತಿ ನಮ್ಮ ನೌಕರನಲ್ಲ, ಅಂಥ ಹೆಸರಿನವರು ಈ ಕಚೇರಿಯಲ್ಲಿ ಎಂದೂ ಕೆಲಸ ಮಾಡಿಲ್ಲ, ಆದ್ದರಿಂದ ಆ ಅಗೆತ ಊರ್ಜಿತವಲ್ಲ ಎಂದಿದೆ ಅದರಲ್ಲಿ. ಇಪ್ಪತ್ತಾರು ವರ್ಷವನ್ನು ಒಂದೇ ಸಾಲಿನಲ್ಲಿ ಒರೆಸಿ ಹಾಕಿದ್ದಾರೆ. ಎಂಥ ಜನ ಇವರು! ಅದಕ್ಕಿಂತ ದಂಗಾಗಿಸುವುದೇನೆಂದರೆ, ಆ ಸುಳ್ಳು ಸಾಲೇ ಈಗ ಮೂವತ್ತನಾಲ್ಕು ಮನೆಗಳನ್ನು ಕಾಯುತ್ತಿದೆ. ತಾನು ದುಡಿದದ್ದು ನಿಜವೆಂದು ಮೈಲಾರಲಿಂಗಪ್ಪ ಸಾಬೀತು ಮಾಡಿದರೆ ಓಣಿ ಹೋಗುತ್ತದೆ.

ಬರುವ ಸೋಮವಾರ ನ್ಯಾಯಾಲಯದ ಉಸ್ತುವಾರಿಯಲ್ಲಿ ಅದೇ ಹಿತ್ತಲಿನಲ್ಲಿ ಮತ್ತೆ ಅಗೆತ. ಹಾರೆ ತಗೊಂಡು ಬಾ ಎಂದು ಫೋನು ಬಂದಿದೆ. ಫೋನು ಮಾಡಿದ್ದು ಅದೇ ಕಚೇರಿ, ಇಂಥವನೊಬ್ಬ ಇಲ್ಲವೇ ಇಲ್ಲ ಎಂದು ಬರೆದುಕೊಟ್ಟ ಕಚೇರಿ. ಇವರನ್ನು ಬಿಟ್ಟರೆ ಅವರಿಗೆ ಇದ್ದಿಲು ಗುರುತಿಸುವವರು ಯಾರೂ ಇಲ್ಲ.

“ಎರಡು ಫೂಟ ಅಗದು ಕೈ ಝಾಡ್ಸಿ ಎದ್ದುಬಿಡ್ರಿ ಅಂತ ಹೇಳೇನ್ರಿ,” ಎನ್ನುತ್ತಾರೆ ಹೊಳೆವ್ವ. “ಲೆಕ್ಕಕ್ಕ ಇಲ್ಲದ ಮನಷ್ಯಾಗ ಮೂರೂವರಿ ಫೂಟ ಯಾಕ ಬೇಕು?”

ಇದನ್ನು ಅಮ್ಮಿನಬಾವಿಯ ಹೊಲದಲ್ಲಿ ಮೈಲಾರಲಿಂಗಪ್ಪನವರಿಗೆ ಕೇಳಿದಾಗ ಅವರು ಗುಂಡಿಗೆ ಬಗ್ಗಿದರು. ಗುಂಡಿಯ ತಳದಲ್ಲಿ ಕಪ್ಪು ಕಾಣಿಸಿತ್ತು. ಒಂದು ಚೂರು ಇದ್ದಿಲನ್ನು ಅಂಗೈಯಲ್ಲಿ ತಿಕ್ಕಿ ನೋಡಿ, ಮತ್ತೆ ಅಲ್ಲೇ ಇಟ್ಟರು.

“ಆಕಿ ಹೇಳೂದು ಖರೇನ. ಫಕೀರವ್ವನ ಮಾರಿ ನೋಡಾಕ ನನಗ ಆಗವಲ್ದು. ಆದ್ರ ಎರಡು ಫೂಟಿಗೆ ನಿಂದ್ರೂದು ನನಗ ಬರಂಗಿಲ್ರಿ. ತಪ್ಪು ಜಾಗಾ ಕೊಟ್ಟ ಸರ್ಕಾರದವ್ರು ಬ್ಯಾರೆ ಜಾಗಾ ಕೊಡ್ಲಿ. ನಾ ಇದ್ದಲಿ ಮುಚ್ಚಿದ್ರ, ಇವತ್ತಲ್ಲ ನಾಳೆ ಮತ್ತೊಬ್ಬಾಂವ ತಗೀತಾನ. ಆವಾಗ ಮುಚ್ಚಿಟ್ಟವ್ರು ಅಂತ ನಮಗ ಯಾರೂ ಏನೂ ಕೊಡಂಗಿಲ್ಲ.”

ಹಾರೆ ಹೆಗಲಿಗೇರಿಸಿ ಎದ್ದವರು ಒಂದು ಆಸೆ ಹೇಳಿದರು.

“ಸೋಮವಾರದ ಪಂಚನಾಮಿ ಒಳಗ ನನ್ನ ಹೆಸರು ಬರೀರಿ ಅಂತ ಕೇಳ್ತೇನ್ರಿ. ಮನಿ ಕಳಕೊಂಡವ್ರ ಯಾದಿ ಒಳಗ ನನ್ನ ಹೆಸರು ಹೆಂಗೂ ಬರೀತಾರ. ಹುಡುಕಿದಾಂವ ಅಂತ ಮೊದಲ ಬರೀಲಿ.”