ಅರ್ಧಕ್ಕೆ ನಿಂತ ಸಾಲು

ಸಿದ್ಧಕಟ್ಟೆಯಲ್ಲಿ ಅಭಯಚಂದ್ರರ ಗದ್ದೆಗೆ ಭತ್ತದ ನೇಜಿ ನೆಡಲು ಇಳಿದರೆ ಪಾಡ್ದನದ ಹಾಡಿನ ಮೊದಲ ಸಾಲು ಸೇಸಮ್ಮನದೇ. ಅವಳು ಎತ್ತಿಕೊಟ್ಟ ಸಾಲನ್ನು ಉಳಿದ ಹನ್ನೆರಡು ಹೆಂಗಸರು ತಿರುಗಿ ಹೇಳಬೇಕು, ಆ ಲಯಕ್ಕೆ ಕೈ ಓಡಬೇಕು. ಯಾರ ಕೈ ಹಿಂದೆ ಬಿತ್ತೆಂದು ನೋಡಲು ಅವಳು ತಲೆ ಎತ್ತುತ್ತಿರಲಿಲ್ಲ. ಕಿವಿಯೇ ಸಾಕಿತ್ತು.

೧೯೬೩ರ ಮಳೆಗಾಲದಲ್ಲಿ ಅವಳ ತಮ್ಮ ಧರ್ಣಪ್ಪನ ಹೆಂಡತಿ ದೇಯಿಯ ದನಿ ಅರ್ಧ ಸಾಲಿಗೇ ನಿಲ್ಲುವುದು ಆ ಕಿವಿಗೆ ಬಿತ್ತು. ಸೇಸಮ್ಮ ಮೊದಲು ಮಾಡಿದ್ದು ತಪ್ಪೇ. ಗದ್ದೆಗೆ ಇಳಿದ ಮಹಾರಾಣಿ ಎಂದು ಹಾಡಿನ ನಡುವೆ ಒಂದು ಕುಟುಕು ಸೇರಿಸಿದಳು. ಎಲ್ಲರೂ ನಕ್ಕರು. ದೇಯಿಯೂ ನಗಲು ಹೋಗಿ ಎದೆ ಹಿಡಿದುಕೊಂಡಳು.

ಮನೆಯಲ್ಲಿ ಧರ್ಣಪ್ಪ ಆಗಲೇ ತೀರ್ಮಾನಿಸಿದ್ದ. ಗುಡ್ಡ ಹತ್ತುವಾಗ ಮೂರು ಸಲ ಕೂರುತ್ತಾಳೆ, ಒಮ್ಮೆ ಸೊಪ್ಪಿನ ಹೊರೆ ಸಮೇತ ಕಣ್ಣು ಕತ್ತಲೆ ಬಂದು ಬಿದ್ದಳು, ಎಲ್ಲ ಸೋಮಾರಿತನದ ನಾಟಕ. ನಾಟಿ ಮುಗಿದದ್ದೇ ನೆರಿಯದ ತವರಿಗೆ ಬಿಟ್ಟು ಬರುತ್ತೇನೆ ಎಂದ.

ಮರುದಿನ ಕೆಲಸ ಬಿಟ್ಟ ಮೇಲೆ ಸೇಸಮ್ಮ ದೇಯಿಯನ್ನು ಗದ್ದೆಯ ಬದುವಾದ ಹುಣಿಯ ಮೇಲೆ ಕೂರಿಸಿ ಕಾಲು ತೊಳೆಸಿದಳು. ಕೆಸರಿನಲ್ಲಿ ನಿಂತ ಕಾಲು ಸುಕ್ಕುಗಟ್ಟುತ್ತದೆ. ಇದು ಊದಿತ್ತು, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯಿತು. ಎಲೆಯಡಿಕೆ ಉಗಿದು ಬಾಯಿ ಮುಕ್ಕಳಿಸಲು ಹೇಳಿದಳು. ಕೆಂಪು ಹೋದ ಮೇಲೆ ತುಟಿಯಲ್ಲಿ ಉಳಿದದ್ದು ನೀಲಿ. ಎಲ್ಲರ ಕಾಲಿಗೂ ಕೆಸರು, ಎಲ್ಲರ ತುಟಿಗೂ ಎಲೆಯಡಿಕೆ. ಹಾಗಾಗಿ ಯಾರಿಗೂ ಇದು ಕಂಡಿರಲಿಲ್ಲ.

“ಯಾವಾಗಿನಿಂದ?”

“ಎರಡು ಮಳೆಗಾಲ ಆಯ್ತು, ಅತ್ತಿಗೆ. ಹೇಳಿದ್ರೆ ನೀವು ಇನ್ನೊಂದು ಸಾಲು ಕಟ್ತೀರಿ ಅಂತ ಸುಮ್ಮನಿದ್ದೆ.”

ಸೇಸಮ್ಮ ಕರೆದೊಯ್ದಾಗ ಬಂಟ್ವಾಳದ ಡಾಕ್ಟರು ದೇಯಿಯ ತೋಳಿಗೆ ಪಟ್ಟಿ ಕಟ್ಟಿ ನೋಡಿ ಒತ್ತಡವೇನೋ ಸರಿ ಉಂಟು, ರಕ್ತ ಕಡಿಮೆ ಇರಬೇಕು ಎಂದು ಟಾನಿಕ್ ಬರೆಯತೊಡಗಿದರು. ಸೇಸಮ್ಮ ಕುಳಿತಲ್ಲಿಂದ ಏಳಲಿಲ್ಲ.

“ಕಳೆದ ವರ್ಷ ಸಾಲಿನ ಕೊನೆಯ ಮಾತು ಮಾತ್ರ ಬಿಡ್ತಿದ್ದಳು, ಡಾಕ್ಟ್ರೇ. ಈ ವರ್ಷ ಅರ್ಧಕ್ಕೇ ಉಸಿರು ಸಾಲುವುದಿಲ್ಲ. ರಕ್ತ ಕಡಿಮೆ ಆದವರೂ ನನ್ನೊಟ್ಟಿಗೆ ಹಾಡಿದ್ದಾರೆ. ಅವರ ತುಟಿ ಬಿಳಿಚಿಕೊಳ್ತದೆ, ನೀಲಿ ಆಗುವುದಿಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟು ದೇಯಿಯ ಎದೆಯನ್ನು ಬಹಳ ಹೊತ್ತು ಆಲಿಸಿದರು. ಹೃದಯದ ಒಂದು ಕವಾಟ ಕಿರಿದಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದ ಹಾಗಿದೆ, ಆ ಒತ್ತಡ ತೋಳಿನ ಪಟ್ಟಿಗೆ ಸಿಗುವುದಿಲ್ಲ ಎಂದು ವಿವರಿಸಿ ಮಂಗಳೂರಿಗೆ ಚೀಟಿ ಕೊಟ್ಟರು. ಅಲ್ಲಿಂದ ವೆಲ್ಲೂರು, ಶಸ್ತ್ರಚಿಕಿತ್ಸೆ. ತವರಿಗೆ ಬಿಟ್ಟು ಬರಲು ಹೊರಟಿದ್ದ ಧರ್ಣಪ್ಪನೇ ರೈಲಿನಲ್ಲಿ ಹೆಂಡತಿಯ ತಲೆಗೆ ತೊಡೆ ಕೊಟ್ಟು ಕೂತ.

ಎರಡು ವರ್ಷದ ಮೇಲೆ ದೇಯಿ ಮತ್ತೆ ಗದ್ದೆಗೆ ಬಂದಳು. ಬಗ್ಗುವ ಕೆಲಸವಿಲ್ಲ, ಹುಣಿಯ ಮೇಲೆ ಕೂತು ನೇಜಿಯ ಕಟ್ಟು ಬಿಚ್ಚಿಕೊಡುವುದು. ಸೇಸಮ್ಮ ಬೇಕೆಂದೇ ತನಗೆ ಗೊತ್ತಿದ್ದ ಅತಿ ಉದ್ದದ ಸಾಲನ್ನು ಎತ್ತಿದಳು. ದೇಯಿ ಕೊನೆಯ ಮಾತಿನವರೆಗೂ ಹೇಳಿದಳು. ಸೇಸಮ್ಮ ತಲೆ ಎತ್ತಲಿಲ್ಲ, ಮುಂದಿನ ಸಾಲನ್ನು ಮಾತ್ರ ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

“ಸ್ವಲ್ಪ ಮೆಲ್ಲ ಅಕ್ಕ, ಮಡಂತ್ಯಾರು ಪೇಟೆಗೂ ಕೇಳ್ತದೆ” ಎಂದು ಧರ್ಣಪ್ಪ ಕೆಣಕಿದ.

“ಕೇಳಲಿ” ಎಂದಳು ಸೇಸಮ್ಮ.