ಗ್ಯಾರೇಜಿನ ಗುಳ್ಳದ ಸಸಿಗಳು

ಆಂಟಿ ಬಲಗೈಯ ಅಂಗೈಯನ್ನು ಸಸಿಗಳ ತಲೆಯ ಮೇಲೆ, ಮುಟ್ಟಿಯೂ ಮುಟ್ಟದಂತೆ, ಈ ತುದಿಯಿಂದ ಆ ತುದಿಗೆ ಸವರಿಕೊಂಡು ಹೋಗುತ್ತಿದ್ದರು. ತೆಳ್ಳಗಿನ ಚರ್ಮದ ಕೆಳಗೆ ನೀಲಿ ನರ, ಉಗುರಿನ ಸಂದಿಯಲ್ಲಿ ಸದಾ ಕಪ್ಪು ಮಣ್ಣು. "ಒಳಗೆ ಗಾಳಿ ಇಲ್ಲ ಅಲ್ವಾ? ಹೀಗೆ ಅಲ್ಲಾಡಿಸಿದ್ರೆ ದಂಟು ಗಟ್ಟಿಯಾಗ್ತದೆ," ಎನ್ನುತ್ತಿದ್ದರು.

ಸ್ಯಾನ್ ಹೊಸೆ ಹತ್ತಿರದ ನೆವಾರ್ಕಿನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ, ಉಡುಪಿ ಕಡೆಯವರು. ಜನವರಿ ಬಂತೆಂದರೆ ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರುತ್ತಿರಲಿಲ್ಲ. ಕಬ್ಬಿಣದ ಶೆಲ್ಫು, ಅದಕ್ಕೆ ಟ್ಯೂಬ್‌ಲೈಟು, ಖಾಲಿ ಮೊಸರಿನ ಡಬ್ಬಿಗಳಲ್ಲಿ ಮೆಣಸು, ಟೊಮೆಟೊ, ಬದನೆ. ಹಾಸನದ ಹೊಲಗಳ ನಡುವೆ ಬೆಳೆದ ನಾನು ಬೀಜ ಬಿತ್ತುವುದನ್ನು ಕಲಿತದ್ದು ಆ ಸಿಮೆಂಟು ನೆಲದ ಮೇಲೆ ಕೂತು. "ಅಷ್ಟು ಆಳ ಹೂಳ್ಬೇಡ ಮಾರಾಯ್ತಿ, ಅದು ಹೆಣ ಅಲ್ಲ!"

ಅಂಕಲ್ ತೀರಿಕೊಂಡ ಮೇಲಿನ ಮೊದಲ ಜನವರಿಯಲ್ಲಿ ಆಂಟಿ ಒಂದು ಕಾಗದದ ಪೊಟ್ಟಣ ತೋರಿಸಿದರು. ಆಸ್ಪತ್ರೆಗೆ ಸೇರುವ ಮೊದಲು ಅಂಕಲ್ ಕೈಯಾರೆ ಒಣಗಿಸಿಟ್ಟ ಗುಳ್ಳದ ಬೀಜ. ಅವರ ಊರಿನ ದುಂಡನೆಯ ಹಸಿರು ಬದನೆ ಅದು. ಇಪ್ಪತ್ತು ವರ್ಷ ಹಿತ್ತಲಿನಲ್ಲಿ ಬೆಳೆದು ಬೀಜ ಉಳಿಸಿಕೊಂಡು ಬಂದಿದ್ದರು. ಆಂಟಿ ಇದ್ದಷ್ಟನ್ನೂ ಬಿತ್ತಿದರು. ಏಳು ಮೊಳೆತವು.

ಫೆಬ್ರವರಿಯಲ್ಲಿ ಅವರಿಗೆ ಮಂಡಿ ಆಪರೇಷನ್. ಆಮೇಲೆ ಆರು ವಾರ ಗಿಲ್‌ರಾಯ್‌ನಲ್ಲಿ ಮಗನ ಮನೆ. ಗ್ಯಾರೇಜಿನ ಕೀ ನನ್ನ ಕೈಗಿಟ್ಟು, "ಬಿಸಿಲು ಚೆಂದ ಉಂಟು ಅಂತ ಹೊರಗೆ ಇಡ್ಬೇಡ. ಅವಕ್ಕೆ ಇನ್ನೂ ಬಿಸಿಲು ಗೊತ್ತಿಲ್ಲ," ಎಂದರು.

ಮೂರನೆಯ ವಾರ, ಮಳೆ ನಿಂತು ಬಿಸಿಲು ಬಿದ್ದ ಒಂದು ಬೆಳಿಗ್ಗೆ, ಸಸಿಗಳು ಬಡಕಲಾಗಿ ಕಂಡವು. ಒಂದು ಗಂಟೆ ಮಾತ್ರ ಎಂದುಕೊಂಡು ಹೊರಗಿಟ್ಟೆ. ಅಷ್ಟರಲ್ಲಿ ಆಫೀಸಿನಿಂದ ಫೋನು. ಮೀಟಿಂಗು, ಫ್ರೀವೇ, ಮತ್ತೊಂದು ಮೀಟಿಂಗು. ಸಂಜೆ ಬಂದಾಗ ಏಳೂ ಬಿಳಿಚಿಕೊಂಡು ಮಣ್ಣಿಗೆ ಅಂಟಿದ್ದವು. ನೀರು ಹಾಕಿದೆ, ನೆರಳಿಗಿಟ್ಟೆ. ಒಂದೂ ತಲೆ ಎತ್ತಲಿಲ್ಲ.

ಅವತ್ತೇ ಹೇಳಬೇಕಿತ್ತು. ಆದರೆ ಆಂಟಿ ಫೋನಿನಲ್ಲಿ, "ಅವರ ಗುಳ್ಳ ಹೇಗುಂಟು?" ಎಂದು ಕೇಳಿದ ದನಿ ಗಿಡದ ಬಗ್ಗೆ ಕೇಳುವ ದನಿಯಾಗಿರಲಿಲ್ಲ. "ಚೆನ್ನಾಗಿವೆ ಆಂಟಿ," ಎಂದುಬಿಟ್ಟೆ. ಮಾರ್ಚಿನಲ್ಲಿ ಸ್ಯಾನ್ ಹೊಸೆಯ ಒಂದು ನರ್ಸರಿಯಿಂದ ಏಳು ಬದನೆ ಸಸಿ ತಂದು ಅದೇ ಡಬ್ಬಿಗಳಲ್ಲಿ ನೆಟ್ಟೆ.

ಕೋಲೂರಿಕೊಂಡು ವಾಪಸು ಬಂದ ಆಂಟಿ ಶೆಲ್ಫಿನ ಮುಂದೆ ನಿಂತು ಒಂದೊಂದು ದಂಟನ್ನೂ ಬೆರಳಿನಿಂದ ಸವರಿ ನೋಡಿದರು. ಗುಳ್ಳದ ದಂಟು ಹಸಿರು, ಇವುಗಳದ್ದು ನೇರಳೆ. ನನಗೆ ಅದು ಕಂಡದ್ದೇ ಆಗ. "ಒಳ್ಳೆ ಬಂದಿದೆ," ಎಂದರು, ಅಷ್ಟೆ.

ಜುಲೈಯಲ್ಲಿ ಅವರ ಹಿತ್ತಲಿನಲ್ಲಿ ಆ ಗಿಡಗಳು ಉದ್ದನೆಯ ನೇರಳೆ ಕಾಯಿ ಬಿಟ್ಟವು. ಆಂಟಿ ನಾಲ್ಕು ಕೊಯ್ದು ನಮ್ಮ ಬಾಗಿಲಿಗೆ ತಂದರು. ನನಗೆ ತಡೆಯಲಾಗಲಿಲ್ಲ. "ಆಂಟಿ, ಆ ಸಸಿಗಳು..."

ಅವರು ನನ್ನ ಮಣಿಕಟ್ಟು ಹಿಡಿದರು. "ಹೇಳ್ಬೇಡ. ನೀನು ಹೇಳಿದ್ರೆ ಅದು ಹೌದಾಗಿ ಹೋಗ್ತದೆ."

ಅನಂತರವೂ ದಿನಾ ಬೆಳಿಗ್ಗೆ ಅವರು ಆ ಗಿಡಗಳೊಂದಿಗೆ ತುಳುವಿನಲ್ಲಿ ಮಾತಾಡುವುದು ಬೇಲಿಯಾಚೆಯಿಂದ ಕೇಳುತ್ತಿತ್ತು. ಒಂದು ಪ್ರಶ್ನೆ, ಉತ್ತರಕ್ಕೆ ಬೇಕಾದಷ್ಟು ಮೌನ, ಆಮೇಲೆ ಸಣ್ಣ ನಗು. ನಾನು ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ.

ನವೆಂಬರಿನಲ್ಲಿ ಆಂಟಿ ಹೋದರು. ಕಾರ್ಯವೆಲ್ಲ ಮುಗಿದ ದಿನ ಮಗ ನನ್ನ ಹತ್ತಿರ ಬಂದ. "ಅಕ್ಕಾ, ಅಪ್ಪನ ಗುಳ್ಳ ಈ ವರ್ಷ ತುಂಬಾ ಚೆನ್ನಾಗಿ ಬಂತು ಅಂತ ಅಮ್ಮ ಪ್ರತಿ ಸಲ ಫೋನಲ್ಲಿ ಹೇಳ್ತಿದ್ರು. ಅದರ ಬೀಜ ನಿಮ್ಮತ್ರ ಉಂಟಾ? ನನ್ನ ಮಗಳ ಕೈಯಲ್ಲಿ ಹಾಕಿಸ್ಬೇಕು."

ಉಂಟು ಎಂದರೆ ನನ್ನ ಸುಳ್ಳು ಇನ್ನೊಂದು ಹಿತ್ತಲಿಗೆ ಹೋಗುತ್ತದೆ. ನಡೆದದ್ದನ್ನು ಹೇಳಿದರೆ ಅವನ ತಾಯಿಯ ಮಾತು ಸುಳ್ಳಾಗುತ್ತದೆ.

"ಇಲ್ಲಪ್ಪ, ಮುಗಿದುಹೋಯ್ತು," ಎಂದೆ. ಆ ಸಸಿಗಳ ಬಗ್ಗೆ ಅವರ ಮನೆಯವರೆದುರು ನಾನಾಡಿದ ಮೊದಲ ನಿಜ. ಕಣ್ಣೀರು ಬಂತು. ಆಂಟಿಯನ್ನು ನೆನೆದು ಅಳುತ್ತಿದ್ದೇನೆಂದುಕೊಂಡು, ತಾಯಿಯನ್ನು ಕಳೆದುಕೊಂಡ ಅವನೇ ನನ್ನನ್ನು ಸಮಾಧಾನ ಮಾಡಿದ.