ಗಂಟೆಗೆ ಎಪ್ಪತ್ತು

ಈ ಕಥೆಯಲ್ಲಿ ಲೆಕ್ಕ ಹಾಕಿದವಳು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ‘ನಿಮ್ಮದೇನು ತಪ್ಪು ಬಿಡಿ ಮೇಡಂ’ ಎಂದು ಯಾರೂ ಸಮಾಧಾನ ಹೇಳಲು ಬರಬಾರದು.

ಹೊನ್ನೂರಿನ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಮನೆ ಕೊಳ್ಳೇಗಾಲದಲ್ಲಿ. ಸಂಜೆ ಬಸ್ಸಿಗೆ ಕಾಯುವುದು ಚಿಕ್ಕಮಾದಮ್ಮನ ಜಗಲಿಯ ಮೇಲೆ. ಬಸ್ಸು ಎಂದೂ ಹೊತ್ತಿಗೆ ಸರಿಯಾಗಿ ಬಾರದ ಕಾರಣ ಆಕೆಯ ಸಂಸಾರವೆಲ್ಲ ನನಗೆ ಬಾಯಿಪಾಠ. ಗಂಡ ಮಾದಣ್ಣ ತೆಂಗಿನಕಾಯಿ ಕೀಳುವವನು. ಮಗಳು ಯಶೋದ ನನ್ನ ವಿದ್ಯಾರ್ಥಿನಿಯಾಗಿದ್ದವಳು, ಈಗ ಹನೂರಿಗೆ ಕೊಟ್ಟಿದ್ದಾರೆ. ನಾಲೆಯ ಕೆಳಗೆ ಇಪ್ಪತ್ತು ಗುಂಟೆ ಗದ್ದೆ. ಅದರ ಭತ್ತ ಮನೆಯ ಊಟಕ್ಕೆ ಹೇಗೋ ಸಾಕಾಗುತ್ತಿತ್ತು. ಉಳಿದದ್ದಕ್ಕೆಲ್ಲ ಚಿಕ್ಕಮಾದಮ್ಮ ಕೂಲಿಗೆ ಹೋಗಬೇಕು.

ನಾಟಿಯಲ್ಲಿ ಆಕೆಯ ಕೈ ನೋಡಬೇಕು. ಎಂಟು ಹೆಂಗಸರು ಸಾಲಾಗಿ ಬಗ್ಗಿ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಪೈರು ಊರುತ್ತಿದ್ದರೆ, ಉಳಿದವರು ಗದ್ದೆಯ ನಡುವೆ ಇರುವಾಗಲೇ ಈಕೆ ಆ ಕಡೆಯ ಬದು ಮುಟ್ಟಿರುತ್ತಿದ್ದಳು. ಮುಟ್ಟಿದ ಮೇಲೆ ಸುಮ್ಮನೆ ನಿಲ್ಲುವವಳಲ್ಲ. ಎಲ್ಲರಿಗಿಂತ ಹಿಂದೆ ಬೀಳುವ ಮುದುಕಿ ರಾಚಮ್ಮನ ಪಾಲಿನ ಪಟ್ಟೆಗೆ ಇಳಿದು ಅರ್ಧ ಮುಗಿಸಿಕೊಡುತ್ತಿದ್ದಳು. ಸಂಜೆ ಇಬ್ಬರಿಗೂ ಒಂದೇ ಕೂಲಿ, ಮುನ್ನೂರೈವತ್ತು. ಮೂವತ್ತು ವರ್ಷ ಹೀಗೇ ನಡೆದಿತ್ತು. ಯಾರಿಗೂ ಅದು ಅನ್ಯಾಯ ಎನಿಸಿರಲಿಲ್ಲ, ನನ್ನಂಥ ಬುದ್ಧಿವಂತೆ ಜಗಲಿ ಹತ್ತುವವರೆಗೆ.

ಹೋದ ವರ್ಷ ಮುಂಗಾರಿಗೆ ಪ್ರಭುಸ್ವಾಮಿಯ ಟ್ರ್ಯಾಕ್ಟರು ಆಕೆಯ ಗದ್ದೆ ಉತ್ತಿತು. ಉತ್ತದ್ದು ನಲವತ್ತು ನಿಮಿಷ, ಕೇಳಿದ್ದು ಒಂದು ಗಂಟೆಯ ಬಾಡಿಗೆ. ‘ಗಂಟಗಿಂತ ಕಮ್ಮಿ ನಮ್ಮಲ್ಲಿ ಲೆಕ್ಕ ಇಲ್ಲ ಕಣಕ್ಕ’ ಎಂದನಂತೆ. ಕೊಟ್ಟು ಬಂದು ನನ್ನ ಪಕ್ಕ ಕುಳಿತಳು.

“ಗಾಡಿಗಾದ್ರ ಗಂಟ ಲೆಕ್ಕ ಅದ. ಮರ ಅತ್ತೋ ನನ್ ಗಂಡುನ್ಗ ಮರದ ಲೆಕ್ಕ ಅದ. ನನಗ್ ಮಾತ್ರ ಒತ್ತು ಮುಳುಗಗಂಟ. ಯಾಕ ಮೇಡಮ್ಮ?”

ನನಗೆ ಎಂಥ ಖುಷಿಯಾಯಿತು ಎಂದರೆ ನಾಚಿಕೆಯಾಗುತ್ತದೆ. ಬ್ಯಾಗಿನಿಂದ ಕಿರುಪರೀಕ್ಷೆಯ ಹಾಳೆಯೊಂದನ್ನು ತೆಗೆದು ಅದರ ಹಿಂದೆಯೇ ಲೆಕ್ಕ ಮಾಡಿದೆ. ಏಳು ಗಂಟೆಗೆ ಮುನ್ನೂರೈವತ್ತು, ಅಂದರೆ ಗಂಟೆಗೆ ಐವತ್ತು. ನಿಮ್ಮ ಕೈ ಒಂದೂವರೆ ಆಳಿನ ಕೈ, ಅಂದರೆ ಎಪ್ಪತ್ತೈದು. ಹಾಗೆಂದು ನಾನೇ ಹಿಂಜರಿದು, “ಎಪ್ಪತ್ತೈದು ಜಾಸ್ತಿಯಾಗುತ್ತೆ, ಯಾರೂ ಕೊಡಲ್ಲ. ಎಪ್ಪತ್ತು ಅಂತ ಇಟ್ಟುಕೊಳ್ಳಿ ಅಕ್ಕ” ಎಂದೆ. ಆಕೆ ಎಪ್ಪತ್ತಕ್ಕೇ ಹೆದರಿದಳು. ಅದೇ ಹಾಳೆಯ ಮೂಲೆಯಲ್ಲಿ, ಸುಮ್ಮನೆ ಚಪಲಕ್ಕೆ, ನನ್ನ ಸಂಬಳವನ್ನೂ ಗಂಟೆಗೆ ಭಾಗಿಸಿ ನೋಡಿದೆ. ಬಂದ ಸಂಖ್ಯೆ ಕಂಡ ಮೇಲೆ ಆ ಮೂಲೆಯನ್ನು ಹರಿದು ಬ್ಯಾಗಿಗೆ ಹಾಕಿಕೊಂಡೆ.

ಯಶೋದ ಬಿಟ್ಟುಹೋಗಿದ್ದ ಕೈಗಡಿಯಾರಕ್ಕೆ ಕೊಳ್ಳೇಗಾಲದಲ್ಲಿ ಸೆಲ್ ಹಾಕಿಸಿ ತಂದುಕೊಟ್ಟವಳೂ ನಾನೇ. ಕೆಸರು ತಾಗದಂತೆ ಅದನ್ನು ಹಾಲಿನ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಚಿಕ್ಕಮಾದಮ್ಮ ಗಂಟೆ ಲೆಕ್ಕದ ಕೆಲಸಕ್ಕೆ ಹೊರಟಳು.

ಮೊದಲಿಗೆ ಎಲ್ಲರೂ ನಕ್ಕರು. ನಾಟಿ ಕಾಲ, ಆಳು ಸಿಗದ ಕಾಲ. ಊರಿನ ದೊಡ್ಡ ಹಿಡುವಳಿದಾರ ಗುರುಪಾದಸ್ವಾಮಿ ಬೇರೆ ದಾರಿಯಿಲ್ಲದೆ ಒಪ್ಪಿಕೊಂಡ. ಹತ್ತು ದಿನ ಆಕೆಯದೇ ರಾಜ್ಯ. ಬೆಳಿಗ್ಗೆ ಒಬ್ಬರಲ್ಲಿ ನಾಲ್ಕು ಗಂಟೆ, ಮಧ್ಯಾಹ್ನ ಇನ್ನೊಬ್ಬರಲ್ಲಿ ಮೂರು. ಸಂಜೆ ನನಗೆ ಜಗಲಿಯಲ್ಲಿ ಕಡ್ಲೆಪುರಿ, ಟೀ. ನಾನು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿಯುತ್ತಿದ್ದೆ, ಹಳ್ಳಿಯ ಹೆಂಗಸು ತನ್ನ ಬೆಲೆ ತಾನು ಕಟ್ಟಿಕೊಂಡಳು ಎಂದು.

ಹನ್ನೊಂದನೇ ದಿನ ಗುರುಪಾದಸ್ವಾಮಿ ಊಟ ನಿಲ್ಲಿಸಿದ. ನಾಟಿಗೆ ಬಂದವರಿಗೆ ಮಧ್ಯಾಹ್ನ ಗದ್ದೆಯವರೇ ಹಿಟ್ಟಿನ ಮುದ್ದೆ, ಸಾರು ಹೊತ್ತು ತರುವುದು ಇಲ್ಲಿ ಮೊದಲಿಂದ ಬಂದ ವಾಡಿಕೆ. ಬದುವಿನ ಮೇಲೆ ಎಲ್ಲರಿಗೂ ಬಡಿಸಿ ಈಕೆಯ ಮುಂದೆ ಬಂದಾಗ ಪಾತ್ರೆ ಮುಚ್ಚಿ ನಕ್ಕನಂತೆ.

“ಟ್ರ್ಯಾಕ್ಟರ್‌ಗ ನಾವ್ ಊಟ ಆಕ್ತೀವಾ ಚಿಕ್ಕಮಾದಮ್ಮ? ಗಂಟ ಲೆಕ್ಕದೋರು ಅವರವರೇ ಡೀಸೆಲ್ ಆಕ್ಕಂಡ್ ಬರ್ಬೇಕು.”

ಆಕೆ ಬುತ್ತಿ ಕಟ್ಟಿಕೊಂಡು ಹೋದಳು. ಆಮೇಲೆ ಆಕೆಯನ್ನು ಎರಡು ಗಂಟೆಗೆ ಮಾತ್ರ ಕರೆಯತೊಡಗಿದರು. ಚುರುಕಿನ ಕೈಗೆ ಎರಡು ಗಂಟೆ ಸಾಕಲ್ಲ! ಉಳಿದ ಹೊತ್ತಿಗೆ ಕರೆಯುವವರಿಲ್ಲ. ಬೇಗ ಮುಗಿಸಿದಷ್ಟೂ ಆಕೆಗೇ ಕಮ್ಮಿ. ಏಳನೇ ಕ್ಲಾಸಿನ ಮಕ್ಕಳಿಗೆ ವಾರಕ್ಕೊಮ್ಮೆ ಕಲಿಸುವ ಲೆಕ್ಕ ಇದು, ನನಗೇ ಹೊಳೆದಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಮತ್ತೆ ದಿನಗೂಲಿಗೆ ಹೋಗಬಹುದಿತ್ತು. ಆದರೆ ಗದ್ದೆಯವರಿಗೆ ರುಚಿ ಹತ್ತಿತ್ತು. ‘ನೀವೂ ಗಂಟೆ ಲೆಕ್ಕಕ್ಕೇ ಬನ್ನಿ’ ಎಂದು ಎಲ್ಲ ಹೆಂಗಸರಿಗೂ ಹೇಳಿದರು. ಊಟ ಹೋಯಿತು, ನಡುವೆ ಒಂದು ಗಳಿಗೆ ಬೆನ್ನು ನೆಟ್ಟಗೆ ಮಾಡುವುದೂ ಹೋಯಿತು. ರಾಚಮ್ಮನಿಗಂತೂ ಗುರುಪಾದಸ್ವಾಮಿ ‘ನಿನ್ನ ಗಂಟೆಗೆ ದುಡ್ಡು ಕೊಟ್ಟು ನಾನು ಉಳಿಯೋ ಹಂಗಿಲ್ಲ, ಬರಬೇಡ’ ಎಂದುಬಿಟ್ಟ. ದಿನಗೂಲಿಯ ಸಾಲಿನಲ್ಲಿ ಆ ಮುದುಕಿಯ ನಿಧಾನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ಎಲ್ಲರಿಗೂ ತೋರಿಸಿಕೊಟ್ಟದ್ದು ನಮ್ಮ ಗಡಿಯಾರ.

ಇನ್ನು ಮುಯ್ಯಾಳಿನ ವಿಷಯ. ಚೂರುಪಾರು ಗದ್ದೆ ಇರುವ ಆರು ಹೆಂಗಸರು ಒಬ್ಬರ ಗದ್ದೆಗೊಬ್ಬರು ಆಳಾಗಿ ಹೋಗುವುದು, ಅದಕ್ಕೆ ದುಡ್ಡಿಲ್ಲ. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ನಾಟಿ ಮುಗಿಯುವವರೆಗೆ ಯಾರೂ ಮೇಲೇಳುವುದಿಲ್ಲ, ಅಷ್ಟೇ ಕರಾರು.

ಸರದಿಯಲ್ಲಿ ಮೊದಲು ಬಂದದ್ದು ರಾಚಮ್ಮನ ಗದ್ದೆ. ಹತ್ತು ಗಂಟೆಗೆ ಇಳಿದರು. ಮೂರಕ್ಕೆ ಗುರುಪಾದಸ್ವಾಮಿಯ ಗದ್ದೆಯಲ್ಲಿ ಚಿಕ್ಕಮಾದಮ್ಮನಿಗೆ ಎರಡು ಗಂಟೆಯ ಕೆಲಸ ಕಾದಿತ್ತು. ವಾರವೆಲ್ಲ ಕೆಲಸವಿಲ್ಲದೆ ಕೂತವಳು, ಬಿಡಲು ಮನಸ್ಸು ಬರಲಿಲ್ಲ. ಇನ್ನೂ ಒಂದು ಪಟ್ಟೆ ಬಾಕಿ ಇರುವಾಗಲೇ ಸೊಂಟದಿಂದ ಕವರು ಬಿಚ್ಚಿ ಗಡಿಯಾರ ನೋಡಿದಳು.

“ಐದ್ ಗಂಟ ಕೆಲ್ಸ ಆಯ್ತು ಕಣಕ್ಕ. ನನ್ ಗದ್ದೆಲೂ ಐದ್ ಗಂಟನೇ ಮಾಡ್ಕೊಡು, ಸರಿಯೋಯ್ತದ.”

ಉಳಿದವರು ತಲೆ ಎತ್ತದೆ ಪೈರು ಊರುತ್ತಲೇ ಇದ್ದರಂತೆ. ಅದು ಆಕೆಗೆ ಅರ್ಥವಾಗಬೇಕಿತ್ತು. ಮೂವತ್ತು ವರ್ಷ ಅವರ ಜೊತೆ ಬಗ್ಗಿದವಳು. ಆದರೆ ಲೆಕ್ಕ ಸರಿ ಇದ್ದರೆ ಎಲ್ಲವೂ ಸರಿ ಎಂದು ನಂಬಿಸಿದವಳು ಇದ್ದೆನಲ್ಲ ನಾನು.

ನಾಲ್ಕು ದಿನ ಬಿಟ್ಟು ಆಕೆಯ ಸರದಿ. ಹಿಂದಿನ ದಿನವೇ ಇಪ್ಪತ್ತು ಗುಂಟೆಗೂ ಬೇಕಾದಷ್ಟು ಪೈರು ಕಿತ್ತು, ಕಂತೆ ಕಟ್ಟಿ ನೀರಿನಲ್ಲಿಟ್ಟಿದ್ದಳು. ಕಿತ್ತ ಪೈರನ್ನು ಊರಲೇಬೇಕು, ಅದು ಕಾಯುವುದಿಲ್ಲ. ನಾಲೆಯ ನೀರಿನ ಪಾಳಿಯೂ ಮರುದಿನಕ್ಕೆ ಮುಗಿಯುವುದಿತ್ತು. ಐದು ಜನರೂ ಬಂದರು. ಬರುವುದಿಲ್ಲ ಎಂದುಕೊಂಡಿದ್ದರೆ ನೀವೂ ನನ್ನ ಹಾಗೆಯೇ ಮೋಸಹೋದಿರಿ. ಹತ್ತಕ್ಕೆ ಸರಿಯಾಗಿ ಬಂದರು. ಮಾತಿಲ್ಲ, ಹಾಡಿಲ್ಲ, ಅವಸರವಂತೂ ಮೊದಲೇ ಇಲ್ಲ. ರಾಚಮ್ಮ ಸೊಸೆಯ ಮೊಬೈಲನ್ನು ಬದುವಿನ ಮೇಲೆ ಟವಲ್ಲಿನಲ್ಲಿ ಸುತ್ತಿಟ್ಟಿದ್ದಳು. ಮೂರು ಗಂಟೆಗೆ ಅದು ಕೂಗಿಕೊಂಡಿತು. ಐದೂ ಜನ ಒಟ್ಟಿಗೆ ಎದ್ದು ನಿಂತರು.

ಅಲ್ಲೇ ಕಂತೆ ಎಸೆಯುತ್ತಿದ್ದ ಮಾದಣ್ಣ ನನಗೆ ಹೇಳಿದ ಮಾತಿದು. ಚಿಕ್ಕಮಾದಮ್ಮ ಕೆಸರಿನಲ್ಲಿ ನಿಂತೇ ಕೈ ಮುಗಿದಳಂತೆ.

“ಇನ್ನೂ ಅರ್ಧ ಗದ್ದ ಅಂಗೇ ಅದ ಕಣಕ್ಕ. ಪೈರು ಕಿತ್ತಾಗದ. ಗಂಟಗ ಎಪ್ಪತ್ತು ನಾನೇ ಕೊಟ್ಟೇನು, ಓಗ್ಬ್ಯಾಡ್ರವ್ವ.”

“ನಿನ್ ಮುಯ್ಯಿ ತೀರ್ತು ಕಣವ್ವ,” ಎಂದಳು ರಾಚಮ್ಮ. “ಎಪ್ಪತ್ರುಪಾಯ್ಗೆ ನಮ್ ಗಂಟ ನಾವ್ ಮಾರಕಿಲ್ಲ.”

ಒಳ್ಳೆಯ ಮಾತು ಎನಿಸಬಹುದು. ನನಗೆ ಹಾಗೆನಿಸಲಿಲ್ಲ. ಊಟ ನಿಲ್ಲಿಸಿದ ಗುರುಪಾದಸ್ವಾಮಿಯ ಗದ್ದೆಯಲ್ಲಿ ಇವರಾರೂ ಅಲಾರಂ ಇಡಲಿಲ್ಲ. ಇಟ್ಟದ್ದು ತಮ್ಮಂಥವಳ ಇಪ್ಪತ್ತು ಗುಂಟೆಯಲ್ಲಿ. ಕೋಪ ಬರುತ್ತದೆ. ಆದರೆ ಕೆಲಸ ಕಳೆದುಕೊಂಡ ಆ ಮುದುಕಿಯ ಮೇಲೆ ಕೋಪ ಮಾಡಿಕೊಳ್ಳುವ ಯೋಗ್ಯತೆ ನನಗೆಲ್ಲಿದೆ?

ಶಾಲೆ ಬಿಟ್ಟು ನಾನು ಗದ್ದೆಯ ಹತ್ತಿರ ಹೋದಾಗ ಆಕೆ ಒಬ್ಬಳೇ ಬಗ್ಗಿದ್ದಳು. ಮಾದಣ್ಣ ಪಕ್ಕದಲ್ಲಿ ತನಗೆ ಬಂದಂತೆ ಪೈರು ಚುಚ್ಚುತ್ತಿದ್ದ. ಅವನು ಊರಿದ್ದೆಲ್ಲ ಹಿಂದೆಯೇ ತೇಲುತ್ತಿತ್ತು. ನಾನು ಚಪ್ಪಲಿ ಕಳಚಿ ಬದುವಿನ ಮೇಲೆ ನಿಂತೆ. ಕೆಸರಿಗೆ ಇಳಿದೆನೆಂದು ಬರೆಯಲು ಆಸೆ. ಇಳಿಯಲಿಲ್ಲ. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು, ಹೋಗಿ ಹತ್ತಿದೆ. ಅವತ್ತು ಮಾತ್ರ ಅದು ಸರಿಯಾದ ಹೊತ್ತಿಗೆ ಬಂದಿತ್ತು.

ಮೂರು ದಿನ ಆಕೆ ನಾಟಿ ಹಾಕಿದಳು. ಎರಡನೇ ದಿನ ನಾಲೆಯ ನೀರು ನಿಂತಿತು. ಮೂರನೇ ದಿನಕ್ಕೆ ಕಂತೆಗಳು ಹಳದಿಗೆ ತಿರುಗಿ ಬೇರು ನಾರುತ್ತಿದ್ದವು. ನಾರುವ ಪೈರನ್ನೇ ಬಿರುಸಾದ ಕೆಸರಿಗೆ ಊರಿದಳು. ಆ ಅರ್ಧ ಗದ್ದೆ ಹಸಿರಾಗಲೇ ಇಲ್ಲ. ಇನ್ನರ್ಧದಲ್ಲಿ ಬಂದ ಭತ್ತ ಶಿವರಾತ್ರಿಯವರೆಗೂ ಸಾಲಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಆಕೆ ಊಟದಕ್ಕಿಯನ್ನು ಅಂಗಡಿಯಿಂದ ಕೊಂಡು ತಂದಳು. ಮುಯ್ಯಾಳಿಗೆ ಈಗ ಐವರೇ. ಕೂಲಿಗೂ ಆಕೆಯನ್ನು ಯಾರೂ ಕರೆಯುವುದಿಲ್ಲ. ನಡೆದದ್ದನ್ನು ತಿಳಿದು ಯಶೋದ ಹನೂರಿನಿಂದ ನನಗೆ ಫೋನ್ ಮಾಡಿದಳು. ಬೈಯಲಿಲ್ಲ. ‘ಅಮ್ಮುಂಗೆ ನೀವಾದ್ರೂ ಏಳ್ಬೋದಿತ್ತು ಮಿಸ್’ ಎಂದಷ್ಟೇ ಹೇಳಿ ಇಟ್ಟಳು. ಏನನ್ನು ಹೇಳಬಹುದಿತ್ತು ಎಂದು ನಾನು ಕೇಳಲಿಲ್ಲ.

ಮೊನ್ನೆ ಬೆಳಿಗ್ಗೆ ಬಸ್ಸಿಳಿದಾಗ ಚಿಕ್ಕಮಾದಮ್ಮ ಜಗಲಿಯ ಮೇಲೆ ಬುತ್ತಿ ಹಿಡಿದು ಕೂತಿದ್ದಳು. ಕೊಳ್ಳೇಗಾಲದ ಕಡೆ ಕಬ್ಬು ಕಡಿಯಲು ಮೇಸ್ತ್ರಿ ಶಿವರುದ್ರಸ್ವಾಮಿಯ ಟೆಂಪೊ ಬರುವುದಿತ್ತು. ಬೆಳಿಗ್ಗೆ ಆರೂವರೆಗೆ ಬರಬೇಕಾದದ್ದು ಒಂಬತ್ತಾದರೂ ಬಂದಿರಲಿಲ್ಲ. ಕಾದ ಹೊತ್ತಿಗೆ ಕೂಲಿ ಇಲ್ಲ. ಕತ್ತಲಾಗುವವರೆಗೂ ಕಡಿದರೆ ನಾನೂರು. ಸೊಂಟದಲ್ಲಿ ಹಾಲಿನ ಕವರು ಕಾಣಲಿಲ್ಲ.

“ವಾಚ್ ತಕಂಡ್ ಬರ್ಕೂಡ್ದು ಅಂದವ್ನ ಮೇಸ್ತ್ರಿ,” ಎಂದಳು. “ನನ್ ಇಸ್ಯ ಅಲ್ಲಿಗಂಟ ಓಗ್ಬುಟ್ಟದ.”

ಅಂಗೈ ತುಂಬ ಕಬ್ಬಿನ ಗರಿ ಗೀರಿದ ಗಾಯ. ಅದನ್ನೇ ನೋಡುತ್ತ ಕೇಳಿದಳು.

“ನಿಮ್ದು ಗಂಟಗ ಎಷ್ಟಾದದು ಮೇಡಮ್ಮ?”

ಸುಳ್ಳು ಹೇಳಬಹುದಿತ್ತು. ಇಷ್ಟೆಲ್ಲ ಆದ ಮೇಲೆ ಬಾಯಿ ಬರಲಿಲ್ಲ. “ಐನೂರರ ಹತ್ತಿರ,” ಎಂದೆ.

ಆಕೆ ತಲೆಯಾಡಿಸಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. ಗೊತ್ತಾಗದ್ದನ್ನು ಕೇಳುವ ನನ್ನ ಹಿಂದಿನ ಬೆಂಚಿನ ಮಕ್ಕಳ ಮುಖ. ರಸ್ತೆಯ ತಿರುವಿನಲ್ಲಿ ಟೆಂಪೊ ಕಾಣಿಸಿತು. ಬುತ್ತಿ ಎತ್ತಿಕೊಂಡು ಎದ್ದು ನಿಂತಳು.

“ಅವತ್ತು ಎಪ್ಪತ್ತೈದು ಬಂದಿತ್ತಲ್ಲ ಮೇಡಮ್ಮ ನನ್ ಲೆಕ್ಕ. ಆ ಐದ್ ರುಪಾಯ ನೀವ್ಯಾಕ ಕಮ್ಮಿ ಮಾಡುದ್ರಿ?”